ನೀಲಿ ಪಟ್ಟಿಯ ಗೋಡೆ

ನಮ್ಮ ಪಡಸಾಲೆಯ ನಡುವೆ ಒಂದು ಗೋಡೆ ಇತ್ತು. ಇಟ್ಟಿಗೆ ಸಿಮೆಂಟಿನದಲ್ಲ, ನೆಲಕ್ಕೆ ಅಂಟಿಸಿದ ನೀಲಿ ಟೇಪಿನದು. ಕಟ್ಟಿದವಳು ನಾನೇ. ಅಡುಗೆಮನೆಯ ಮುಂದೆ ಆ ಕಡೆಯಿಂದ ಈ ಕಡೆಯವರೆಗೆ ಉದ್ದಕ್ಕೆ ಹಾಯ್ದಿತ್ತು. ಫ್ರಿಜ್ಜಿನ ಹತ್ತಿರ ಮಾತ್ರ ಒಬ್ಬರು ದಾಟುವಷ್ಟು ಜಾಗ ಬಿಟ್ಟಿದ್ದೆ, ಅದು ಬಾಗಿಲು. ಅಡುಗೆಮನೆಯಿಂದ ಸೋಫಾದ ಕಡೆ ಯಾರೇ ಬರಲಿ, ಚಹಾ ತರಲಿ, ಕಸ ಗುಡಿಸಲಿ, ಆ ಬಾಗಿಲಿನಿಂದಲೇ ಬರಬೇಕು. ಇದು ನನ್ನ ಕಾನೂನು.

ನನ್ನ ಹೆಸರು ಕರುಣಾ, ಆದರೆ ಹೆಸರಿಗೂ ನನಗೂ ಅಷ್ಟಕ್ಕಷ್ಟೇ ಎಂದು ನಮ್ಮ ತಂಡದವರು ಹಿಂದಿನಿಂದ ಆಡಿಕೊಳ್ಳುತ್ತಾರೆ. ನಾಟಕ ಮಾಡಿಸುವುದು ನನ್ನ ಕೆಲಸ. "ನಾಟಕದಾಗ ಪಾರ್ಟು ಮಾಡ್ತೀರೇನ್ರಿ?" ಎಂದು ಕೇಳಿದವರಿಗೆ "ಇಲ್ರಿ, ಮಾಡಸ್ತೇನಿ" ಎಂದರೆ, ಅವರ ಮುಖ ಸಣ್ಣಗಾಗುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ರಂಗಶಿಬಿರ ನಡೆಸುತ್ತೇನೆ, ವರ್ಷಕ್ಕೊಮ್ಮೆ ನಮ್ಮ ತಂಡದಿಂದ ದೊಡ್ಡ ನಾಟಕ. ಗಂಡ ಲೋಹಿತ ಶಿರಗುಪ್ಪಿಯ ಕಡೆ ಸರಕಾರಿ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಅವನಿಗೆ ಸಿಟ್ಟು ಬರುವುದಿಲ್ಲ, ಅವನ ಪಾಲಿನದನ್ನೂ ನಾನೇ ಮಾಡುತ್ತೇನೆ. ಮಗಳು ಸ್ನೇಹಲ್ ಎಂಟನೆಯ ಇಯತ್ತೆಯಲ್ಲಿ ಓದುತ್ತಾಳೆ. ಅತ್ತೆ ಶೇವಂತೆವ್ವ, ಮಗಳ ಪಾಲಿಗೆ ಆಯಿ, ನಮ್ಮ ಜೊತೆಗೇ ಇದ್ದಾರೆ. ಗೋಕುಲ ರಸ್ತೆಯ ಒಳಗಿನ ಗಲ್ಲಿಯಲ್ಲಿ ನಮ್ಮ ಮನೆ. ಪಡಸಾಲೆ ಮಾತ್ರ ದೊಡ್ಡದು, ಉಳಿದದ್ದೆಲ್ಲ ಇಕ್ಕಟ್ಟು.

ಪ್ರತಿ ವರ್ಷ ತಾಲೀಮು ನಡೆಯುತ್ತಿದ್ದುದು ತಾರಿಹಾಳದಲ್ಲಿ, ಕಾಸಿಮಸಾಬರ ಶೆಡ್ಡಿನಲ್ಲಿ. ಪಂಪುಗಳ ಬಿಡಿಭಾಗ ಮಾಡುವ ಕಾಸಿಮಸಾಬರಿಗೆ ನಾಟಕವೆಂದರೆ ಪ್ರಾಣ. ಸಂಜೆ ಯಂತ್ರ ನಿಂತ ಮೇಲೆ ಶೆಡ್ಡು ನಮ್ಮದೇ ಆಗಿರುತ್ತಿತ್ತು. ಈ ವರ್ಷ ಅವರಿಗೆ ದೊಡ್ಡ ಆರ್ಡರು ಸಿಕ್ಕು ಯಂತ್ರಗಳು ಎರಡು ಪಾಳಿ ಓಡತೊಡಗಿದವು. "ಅಕ್ಕಾರ, ನಾ ಖುಷಿ ಪಡಬೇಕೋ, ಬ್ಯಾಸರ ಮಾಡ್ಕೊಬೇಕೋ ತಿಳೀವಲ್ದು ನೋಡ್ರಿ" ಎಂದರು ಪಾಪ. ಹಾಗಾಗಿ ತಾಲೀಮು ನಮ್ಮ ಮನೆಗೆ ಬಂತು.

ನಾಟಕದ ಕಥೆ ಇಷ್ಟೇ. ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮನೆಯ ನಡುವೆ ಗೋಡೆ ಏಳುತ್ತದೆ, ಮುದುಕಿ ತಾಯಿ ಈ ಕಡೆ ಉಳಿಯುತ್ತಾಳೆ, ಅವಳ ಪ್ರೀತಿಯ ಮೊಮ್ಮಗಳು ಆ ಕಡೆ. ರಂಗದ ಮೇಲೆ ಗೋಡೆ ಕಟ್ಟುವುದಿಲ್ಲ, ನೆಲದ ಮೇಲೆ ಒಂದು ಗೆರೆ ಅಷ್ಟೇ. ನಟರು ಅದನ್ನು ಗೋಡೆ ಎಂದು ನಂಬಿದರೆ ಮಾತ್ರ ಪ್ರೇಕ್ಷಕರೂ ನಂಬುತ್ತಾರೆ. ಒಬ್ಬನ ಹೆಬ್ಬೆರಳು ಗೆರೆಯ ಮೇಲೆ ಬಿತ್ತೋ, ಇಡೀ ಮನೆಯೇ ಬಿದ್ದಂತೆ. ಆದ್ದರಿಂದಲೇ ನನ್ನ ಕಾನೂನು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸೌರಭ ತಮ್ಮನ ಪಾರ್ಟು ಮಾಡುತ್ತಿದ್ದ. ಮರೆತು ಗೆರೆ ತುಳಿದಾಗಲೆಲ್ಲ ನಾನು ಚೀರುತ್ತಿದ್ದೆ, "ಗ್ವಾಡಿ ಐತಿ ಅಲ್ಲೆ! ಕಣ್ಣ ಕಾಣ್ತಾವೋ ಇಲ್ಲೋ?"

ನಟರಿಗಿಂತ ಮೊದಲು ಕಲಿತವರು ಮನೆಯವರು. ಅತ್ತೆಯಂತೂ ಇಲ್ಲದ ಬಾಗಿಲಿನ ಚೌಕಟ್ಟಿಗೆ ಕೈ ಊರಿಕೊಂಡೇ ದಾಟುತ್ತಿದ್ದರು. ಒಮ್ಮೆ ಲೋಹಿತನ ಅಣ್ಣ ಪ್ರತಾಪ ಪೇಢೆಯ ಪೊಟ್ಟಣ ಹಿಡಿದು ಬಂದು ಸೀದಾ ಅಡುಗೆಮನೆಯ ಕಡೆ ನಡೆದ. ಅತ್ತೆ ಅಲ್ಲಿಂದಲೇ ಗದರಿಸಿದರು. "ಏ ಪ್ರತಾಪ, ಗ್ವಾಡ್ಯಾಗ ಕಾಲಿಟ್ಟೆಲ್ಲೋ! ಹಿಂದ ಸರಿ. ಬಾಗಲದಾಗಿಂದ ಬಾ."

ತಹಸೀಲ್ದಾರ ಕಚೇರಿಯ ಮನುಷ್ಯ, ನಿಯಮವೆಂದರೆ ಅವನಿಗೂ ಭಯ. ಹಿಂದೆ ಸರಿದು ಫ್ರಿಜ್ಜನ್ನು ಸುತ್ತಿ ಬಂದ. ಹೋಗುವಾಗ ಮಾತ್ರ ನನ್ನ ಮುಖ ನೋಡಿ, "ಮನಿ ಅನ್ನೂದು ಮನೀ ಹಂಗ ಇದ್ರ ಛಲೋ" ಎಂದ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಇನ್ನೊಂದು ಕಾನೂನೂ ಇತ್ತು. "ತಾಲೀಮು ಚಾಲೂ" ಎಂದು ನಾನು ಕೂಗಿದ ಮೇಲೆ ಮನೆಯವರು ಗೋಡೆಯ ಆ ಕಡೆಯೇ ಇರಬೇಕು, ನನ್ನನ್ನು ಕರೆಯಬಾರದು. ಮೊದಲ ದಿನವೇ ಹೇಳಿದ್ದೆ, "ಮನಿಗೆ ಬೆಂಕಿ ಹತ್ತಿದ್ರ ಅಷ್ಟ ಕರೀರಿ." ತಮಾಷೆಗೆ ಹೇಳಿದ ಮಾತು. ಆದರೆ ನಮ್ಮ ಮನೆಯಲ್ಲಿ ನಾನು ತಮಾಷೆಗೆ ಯಾವುದನ್ನು ಹೇಳುತ್ತೇನೆ, ಖರೇ ಯಾವುದನ್ನು ಹೇಳುತ್ತೇನೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನಾಟಕದಲ್ಲಿ ಒಂದೇ ಒಂದು ದೃಶ್ಯ ನನಗೆ ಒಲಿಯುತ್ತಿರಲಿಲ್ಲ. ಗೋಡೆಯ ಆ ಕಡೆ ಮೊಮ್ಮಗಳು ಅಳುತ್ತಾಳೆ. ಈ ಕಡೆ ಮುದುಕಿಗೆ ಕೇಳುತ್ತದೆ, ಆದರೆ ಹೋಗುವುದಿಲ್ಲ. ಮುದುಕಿಯ ಪಾರ್ಟು ಶಾಜಿಯಾಳದು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ಹೆಂಗಸು, ಪ್ರಶ್ನೆ ಕೇಳದೆ ಒಂದು ಹೆಜ್ಜೆ ಇಡುವವಳಲ್ಲ.

"ಮೇಡಂ, ಬಾಗಲಾ ಐತೆಲ್ರಿ. ಅಕಿ ಯಾಕ ಹೋಗಂಗಿಲ್ಲ?"

"ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ. ಒಮ್ಮೆ ಗ್ವಾಡಿ ಎದ್ದ ಮನ್ಯಾಗ ಬಾಗಲಾ ಇದ್ರೂ ಕಾಲ ಏಳಂಗಿಲ್ಲ ಶಾಜಿಯಾ. ಕರುಳು ಆ ಕಡೆ ಇರತೈತಿ, ಕಾಲು ಈ ಕಡೆ."

ಒಳ್ಳೆಯ ಮಾತು ಹೇಳಿದೆ ಎಂದು ನನಗೇ ನನ್ನ ಮೇಲೆ ಅಭಿಮಾನವಾಯಿತು. ಶಾಜಿಯಾ ತಲೆಯಾಡಿಸಿದಳು. ದೃಶ್ಯ ಮಾತ್ರ ಅಲ್ಲಿಯೇ ಇತ್ತು, ಒಣ ಕಟ್ಟಿಗೆಯ ಹಾಗೆ.

ಪ್ರದರ್ಶನ ಹತ್ತಿರ ಬರುತ್ತಿತ್ತು. ಧಾರವಾಡದಲ್ಲಿ ರಂಗಮಂದಿರ ಗೊತ್ತುಮಾಡಿಯಾಗಿತ್ತು. ಒಂದು ರವಿವಾರ ಮುಂಜಾನೆ, ಲೋಹಿತ ಸಂತೆಗೆ ಹೋಗಿದ್ದಾಗ, ನಾನು ಬೆಲ್ಲ ಹುಡುಕುತ್ತ ಅಡುಗೆಮನೆಯ ಮೇಲಿನ ಹಲಗೆಗೆ ಕೈ ಹಾಕಿದೆ. ಸ್ಟೀಲಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಅಂಟಿನ ಉಂಡೆ. ಕೊಬ್ಬರಿ, ಉತ್ತತ್ತಿ, ತುಪ್ಪದ ವಾಸನೆ ಘಮ್ಮೆಂದಿತು.

"ಅತ್ತೀ, ಅಂಟಿನ ಉಂಡಿ ಯಾಕ? ಯಾರ ಬಾಣಂತನ?" ನಗುತ್ತಲೇ ಕೇಳಿದೆ.

ಅತ್ತೆ ಮೆಂತೆ ಪಲ್ಲೆ ಸೋಸುತ್ತ ಕುಳಿತಿದ್ದರು. ಕೈ ನಿಲ್ಲಿಸಲಿಲ್ಲ. "ಕೂಸಿಗೆ ಮಾಡೇನವಾ. ಸ್ವಂಟಕ್ಕ ಶಕ್ತಿ ಬರ್ಲಿ ಅಂತ."

"ಯಾವ ಕೂಸಿಗೆ?"

"ನಮ್ಮನ್ಯಾಗ ಎಷ್ಟ ಕೂಸದಾವು? ಸ್ನೇಹಲ್ ದೊಡ್ಡಾಕಿ ಆದ್ಲು. ಹ್ವಾದ ವಾರ."

ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ನೆಲಕ್ಕೆ ಕುಳಿತೆ. "ನನಗ ಯಾಕ ಹೇಳ್ಲಿಲ್ಲ?"

"ತಾಲೀಮು ನಡದಿತ್ತು. ಆಮ್ಯಾಲೆ ಹೇಳೂಣು ಅಂದ್ರ ಅಕೀನ ಬ್ಯಾಡ ಅಂದ್ಲು. ಪ್ರಯೋಗ ಮುಗೀಲಿ ಆಯಿ, ಮಮ್ಮಿ ತಲಿ ಕೆಡಿಸ್ಕೋತಾಳ ಅಂದ್ಲು."

"ಲೋಹಿತಗ?"

"ಅಂವಗ ಗೊತ್ತೈತಿ. ಅಂವನ ಪ್ಯಾಡ ತಂದ್ಕೊಟ್ಟ."

ಲೋಹಿತನಿಗೆ ಗೊತ್ತು! ಅಂಗಡಿಯಲ್ಲಿ ನಿಂತು ಪ್ಯಾಡು ಕೇಳುವಾಗ ಕಿವಿ ಕೆಂಪಾಗುವ ಮನುಷ್ಯ ಅವನು. ಅವನಿಗೆ ಗೊತ್ತು, ಅಜ್ಜಿಗೆ ಗೊತ್ತು, ಹೆತ್ತ ತಾಯಿಗೆ ಗೊತ್ತಿಲ್ಲ. ಎದ್ದು ಸ್ನೇಹಲ್‌ಳ ಕೋಣೆಗೆ ಹೋದೆ. ಅವಳು ಕಂಪಾಸು ಹಿಡಿದು ವೃತ್ತ ಎಳೆಯುತ್ತಿದ್ದಳು. ನನ್ನ ಮುಖ ನೋಡಿದವಳೇ, "ಆಯಿ ಹೇಳಿದ್ಲಾ?" ಎಂದಳು.

"ನನ್ನ ಹಂತೇಕ ಯಾಕ ಬರಲಿಲ್ಲ ಸ್ನೇಹಲ್?"

"ಬಂದಿದ್ದೆ. ನೀ ಶಾಜಿಯಾ ಆಂಟಿಗೆ ಬೈಯಾಕತ್ತಿದ್ದಿ. ನಾ ಅಲ್ಲೇ ಗ್ವಾಡಿ ಹಂತೇಕ ನಿಂತಿದ್ದೆ."

"ಒಂದ ಸಲ ಕರೀಬೇಕಿತ್ತಲ್ಲ!"

"ಮನಿಗೆ ಬೆಂಕಿ ಹತ್ತಿರಲಿಲ್ಲಲ ಮಮ್ಮಿ."

ಚುಚ್ಚಿ ಆಡಿದ ಮಾತಲ್ಲ. ನಿಯಮ ಹಾಗಿತ್ತು, ಹಾಗಾಗಿ ಕರೆಯಲಿಲ್ಲ ಎಂಬಂತೆ ಸರಳವಾಗಿ ಹೇಳಿದಳು. ಆಗ ನನಗೆ ಆ ಸಂಜೆ ನೆನಪಾಯಿತು. ಅವಳನ್ನು ನಾನು ನೋಡಿದ್ದೆ! ಗೆರೆಯ ಆಚೆ, ಫ್ರಾಕಿನ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಅಲುಗಾಡದೆ ನಿಂತಿದ್ದಳು. ಎಷ್ಟು ಚೆಂದ ನಿಂತಿದ್ದಾಳೆ ಎಂದುಕೊಂಡಿದ್ದೆ. ಅಷ್ಟೇ ಅಲ್ಲ, ಶಾಜಿಯಾಳಿಗೆ ತೋರಿಸಿದ್ದೆ ಕೂಡ. "ನೋಡು, ಸ್ನೇಹಲ್ ಹೆಂಗ ನಿಂತಾಳ ನೋಡು. ಬರಬೇಕಂತ ಐತಿ, ಬರವಲ್ಲಳು. ನನಗ ಇದ ಬೇಕು." ಎಲ್ಲರೂ ತಿರುಗಿ ಅವಳನ್ನು ನೋಡಿದ್ದರು. ಅವಳು ಹಿಂದೆ ಸರಿದು ಒಳಗೆ ಹೋಗಿದ್ದಳು. ನಾನು ಮತ್ತೆ ತಾಲೀಮಿಗೆ ತಿರುಗಿದ್ದೆ.

ಆ ನೆನಪು ಬಂದದ್ದೇ ನನಗೆ ನನ್ನ ಮೇಲೆ ಹೇಸಿಕೆಯಾಯಿತು. ಮಗಳನ್ನು ಅಪ್ಪಿಕೊಳ್ಳಲು ಹೋದೆ, ಅವಳು ಕಂಪಾಸಿನ ಮೊನೆ ಚುಚ್ಚೀತೆಂದು ಕೈ ದೂರ ಹಿಡಿದಳು. ನಾನು ಪಡಸಾಲೆಗೆ ಬಂದು, ಮೊಣಕಾಲೂರಿ, ಉಗುರಿನಿಂದ ಟೇಪು ಕೀಳತೊಡಗಿದೆ. ಹಳೆಯ ಟೇಪು, ಸುಲಭಕ್ಕೆ ಬರಲಿಲ್ಲ. ಒಂದು ಕೈಯಲ್ಲಿ ಕೀಳುತ್ತಲೇ ಇನ್ನೊಂದು ಕೈಯಲ್ಲಿ ಸೌರಭನಿಗೆ ಫೋನು ಹಚ್ಚಿದೆ.

"ತಾಲೀಮು ಇಲ್ಲ. ನಾಟಕನೂ ಇಲ್ಲ. ಎಲ್ಲಾರ್ಗೂ ಹೇಳಿಬಿಡು."

"ಮೇಡಂ, ಧಾರವಾಡದಾಗ ಎಲ್ಲಾ ಫಿಕ್ಸ್ ಆಗೇತ್ರಿ! ಏನಾತ್ರಿ?"

"ನಾ ಇನ್ನ ನಾಟಕ ಮಾಡಸಂಗಿಲ್ಲ. ಈ ವರ್ಷ ಅಲ್ಲ, ಎಂದೂ ಇಲ್ಲ. ತಿಳೀತಿಲ್ಲೋ?"

ಲೋಹಿತ ಕಾಯಿಪಲ್ಲೆಯ ಚೀಲ ಹಿಡಿದು ಒಳಬಂದ. ನೆಲದ ಮೇಲೆ ನಾನು, ಸುತ್ತ ನೀಲಿ ಚೂರುಗಳು. ಒಂದು ಕ್ಷಣ ನಿಂತು ನೋಡಿದ. ಆಮೇಲೆ ಫ್ರಿಜ್ಜಿನ ಹತ್ತಿರದ ಬಾಗಿಲಿನಿಂದ ದಾಟಿ ಅಡುಗೆಮನೆಗೆ ಹೋಗಿ ಚೀಲ ಇಟ್ಟು ಬಂದ.

"ನಾಟಕ ಬಿಟ್ಟೆ" ಎಂದೆ.

"ನೀ ಹೆಂಗಂತಿ ಹಂಗ."

"ಹಂಗಂದ್ರ ಏನು? ಬಿಡು ಅಂತೀಯೋ, ಬ್ಯಾಡ ಅಂತೀಯೋ?"

"ನಾಟಕ ಬಿಡು ಅಂತ ನಾ ಯಾವತ್ತರ ಅಂದೇನನು?"

"ಅಂದಿಲ್ಲ. ಅದಕ್ಕ ಸಿಟ್ಟು ನನಗ. ಒಂದ ಸಲರ ಅಂದಿದ್ರ ಜಗಳಾಡಿ ಮುಗಸ್ತಿದ್ದೆ. ಎಲ್ಲಾರೂ ಸೇರಿ ಸುಮ್ನ ಇದ್ದು ನನ್ನ ಹೊರಗಿಟ್ರಿ."

ಅವನು ನನ್ನ ಎದುರು ಕುಳಿತು ಒಂದು ತುದಿಯ ಟೇಪು ಎಬ್ಬಿಸಿದ. "ಹೊರಗಿಡಲಿಲ್ಲ ಕರುಣಾ. ನಿನಗ ತ್ರಾಸ ಆಗಬಾರದಂತ ಸುತ್ತ ಹಾದು ಹೋದ್ವಿ" ಎಂದ. ನಾನು ಇನ್ನೊಂದು ತುದಿ ಹಿಡಿದೆ. ಇಬ್ಬರೂ ಸೇರಿ ಕಿತ್ತು ಮುಗಿಸಿದೆವು.

ಆಮೇಲಿನ ದಿನಗಳಲ್ಲಿ ನಾನು ಒಳ್ಳೆಯ ತಾಯಿಯಾಗಲು ಹೊರಟೆ. ಹೋಳಿಗೆ ಮಾಡಿದೆ. ಸ್ನೇಹಲ್‌ಳ ತಲೆಗೆ ಎಣ್ಣೆ ಹಚ್ಚಿದೆ. ಹೊಟ್ಟೆ ನೋಯುತ್ತದೆಯೇ, ಸುಸ್ತಾಗುತ್ತದೆಯೇ, ಸಾಲೆಯಲ್ಲಿ ತೊಂದರೆ ಇದೆಯೇ ಎಂದು ಹೊತ್ತುಹೊತ್ತಿಗೆ ಕೇಳಿದೆ. ಅವಳು ಓದುವಾಗ ಪಕ್ಕದಲ್ಲಿ ಕುಳಿತೆ. ಅವಳು "ಹ್ಞೂಂ", "ಇಲ್ಲ" ಎನ್ನುತ್ತ ಇನ್ನಷ್ಟು ಮುದುರಿಕೊಂಡಳು. ಹೊಸ ನಟಿಗೆ ಮೊದಲ ದಿನವೇ ಅಳು ಎಂದರೆ ಹೇಗೆ ಒಳಗೊಳಗೇ ಸರಿಯುತ್ತಾಳೋ ಹಾಗೆ. ನನಗೆ ಅದು ಗೊತ್ತಿತ್ತು, ಆದರೂ ಬಿಡಲಾಗಲಿಲ್ಲ. ತಂಡದವರ ಫೋನುಗಳನ್ನು ಎತ್ತಲಿಲ್ಲ. ಸಂಜೆಯಾದರೆ ಸಾಕು, ಪಡಸಾಲೆ ಬಿಕೋ ಎನ್ನುತ್ತಿತ್ತು, ನನ್ನ ಎದೆಯೂ ಹಾಗೆಯೇ.

ಒಂದು ವಿಷಯ ನನ್ನ ಕಣ್ಣಿಗೆ ಬೀಳತೊಡಗಿತು. ನೆಲ ಒರೆಸಿ ಸ್ವಚ್ಛವಾಗಿತ್ತು, ಗೆರೆಯ ಗುರುತೂ ಇರಲಿಲ್ಲ. ಆದರೂ ಲೋಹಿತ ಚಹಾದ ಕಪ್ಪು ಹಿಡಿದು ಫ್ರಿಜ್ಜಿನ ಹತ್ತಿರ ತಿರುಗಿಯೇ ಸೋಫಾಕ್ಕೆ ಬರುತ್ತಿದ್ದ. ಸಾಲೆಗೆ ತಡವಾಗಿ ಓಡುವ ಸ್ನೇಹಲ್ ಕೂಡ, ಚೀಲ ಹೆಗಲಿಗೇರಿಸಿ, ಅದೇ ಬಾಗಿಲನ್ನು ಸುತ್ತಿ ಓಡುತ್ತಿದ್ದಳು. ಅತ್ತೆ ಇಲ್ಲದ ಚೌಕಟ್ಟಿಗೆ ಈಗಲೂ ಕೈ ಊರುತ್ತಿದ್ದರು. ಮೊದಲ ದಿನ ನಗು ಬಂತು. ಇಂಥ ನಟರು ನನಗೆ ಎಲ್ಲಿ ಸಿಗಬೇಕು ಎಂದುಕೊಂಡೆ. ಎರಡನೆಯ ದಿನ ನಗು ಬರಲಿಲ್ಲ. ಈ ಒಂದು ಗೆರೆಯನ್ನಷ್ಟೇ ಅಲ್ಲ, ಇಷ್ಟು ವರ್ಷ ಇವರು ನನ್ನನ್ನೇ ಹೀಗೆ ಸುತ್ತಿಕೊಂಡು ಓಡಾಡಿದ್ದಾರೆ ಎನ್ನಿಸಿತು.

ಅಂದು ಸಂಜೆ ನಾನು ಸೋಫಾದ ಮೇಲೆ ಸುಮ್ಮನೆ ಕುಳಿತಿದ್ದೆ. ಅತ್ತೆ ಚಹಾ ತಂದರು. ಅಡುಗೆಮನೆಯಿಂದ ಹೊರಬಂದು, ಗೋಡೆ ಇದ್ದ ಜಾಗಕ್ಕೆ ಸರಿಯಾಗಿ ನಿಂತುಬಿಟ್ಟರು. ಮೊಣಕಾಲು ನೋವು, ಸುತ್ತು ಹಾಕಿ ಬರಲು ಬೇಸರವಾಗಿರಬೇಕು.

"ಸೀದಾ ಬರ್ರಿ ಅತ್ತಿ. ಗ್ವಾಡಿ ಇಲ್ಲ, ಕಿತ್ತೇನಿ."

"ಗೊತ್ತೈತಿ. ಕಾಲ ಕೇಳವಲ್ದು" ಎಂದು ತಮಗೆ ತಾವೇ ನಕ್ಕರು. ಆಮೇಲೆ ನಿಂತಲ್ಲಿಂದಲೇ ಹೇಳಿದರು. "ಗ್ವಾಡಿ ಕಟ್ಟಿದ್ದಕ್ಕ ಇಷ್ಟ್ಯಾಕ ಮನಸಿಗೆ ಹಚ್ಚಿಕೊಂಡಿ? ಗ್ವಾಡಿ ಯಾರ ಮನ್ಯಾಗಿಲ್ಲ? ನಮ್ಮ ಮಾವಂದು ವರ್ಕಶಾಪಿನ್ಯಾಗ ರಾತ್ರಿ ಡ್ಯೂಟಿ ಇತ್ತು. ಹಗಲಿ ಮಕ್ಕೊಂಡಿದ್ರ ನಾವು ಮಾತಾಡೂಹಂಗಿರಲಿಲ್ಲ. ನೀ ಒಂದ ಮರತಿ ನೋಡವಾ. ಕಿಡಕಿ ಇಡಲಿಲ್ಲ."

"ಕಿಡಕಿ?"

"ಇಲ್ಲೆ." ಚಹಾದ ಕಪ್ಪು ಹಿಡಿದ ಕೈಯನ್ನೇ ಮುಂದೆ ಚಾಚಿ ತೋರಿಸಿದರು. "ಇಲ್ಲೊಂದು ಕಿಡಕಿ ಇದ್ದಿದ್ರ ಆ ಹುಡುಗಿ ಅಷ್ಟೊತ್ತು ಸುಮ್ನ ನಿಂದ್ರತಿರಲಿಲ್ಲ. ಮಾರಿ ತೋರ್ಸಿ ಕರೀತಿತ್ತು. ನೀನೂ ಕೆಲಸ ಮಾಡ್ಕೋತ ನಮ್ಮನ್ನ ನೋಡ್ತಿದ್ದಿ, ನಾವೂ ನಿನ್ನ ನೋಡ್ತಿದ್ವಿ."

ನಾನು ಎದ್ದು ಹೋಗಿ, ಗೋಡೆಯ ಈ ಕಡೆ ನಿಂತು, ಅವರ ಕೈಯಿಂದ ಕಪ್ಪು ತೆಗೆದುಕೊಂಡೆ. ಅವರ ಕೈ ಕಿಟಕಿಯಿಂದ ಚಾಚಿದಂತೆ ಗಾಳಿಯಲ್ಲಿತ್ತು. ಏನು ಹೇಳಲಿ ನನ್ನ ಬುದ್ಧಿಗೆ! ಆ ಹೊತ್ತಿನಲ್ಲೂ ನನಗೆ ನಾಟಕವೇ ಹೊಳೆಯಿತು. ಶಾಜಿಯಾ ಕಿಟಕಿಯ ಹತ್ತಿರ ನಿಲ್ಲಬೇಕು. ಮೊಮ್ಮಗಳು ಅಳುವುದು ಅವಳಿಗೆ ಕಾಣಬೇಕು. ಕೈ ದಾಟುತ್ತದೆ, ಮೈ ದಾಟುವುದಿಲ್ಲ. ಅಷ್ಟು ದಿನ ಒಲಿಯದ ದೃಶ್ಯ ಇದೇ! ಬಾಯಿ ತೆರೆದು, ಕಪ್ಪು ಹಿಡಿದು, ಕಂಬದಂತೆ ನಿಂತೆ.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಸ್ನೇಹಲ್ ಕಿಸಕ್ಕೆಂದು ನಕ್ಕಳು. "ಆಯಿ, ಮಮ್ಮಿ ಮಾರಿ ನೋಡ! ಹ್ವಾದ್ಲು ನಾಟಕದಾಗ."

ನಾಚಿಕೆಯಿಂದ ಮುಖ ಬಿಸಿಯಾಯಿತು. "ಇಲ್ಲವಾ. ನಾ ನಾಟಕ ಬಿಟ್ಟೇನಿ."

ಅವಳು ಒಳಗೆ ಹೋಗಿ ನನ್ನ ಸಾಮಾನಿನ ಪೆಟ್ಟಿಗೆಯಿಂದ ಎರಡು ಟೇಪಿನ ಸುರುಳಿ ತಂದಳು. "ಗ್ವಾಡಿಗೆ ನೀಲಿ, ಕಿಡಕಿಗೆ ಬಿಳೇದು, ಹೌದಿಲ್ಲೋ?"

"ಸ್ನೇಹಲ್, ಬ್ಯಾಡ."

"ಮಮ್ಮಿ, ನೀ ಮನ್ಯಾಗ ಸುಮ್ನ ಕುಂತ್ರ ನನಗ ಅಂಜಕಿ ಬರತೈತಿ. ಮೂರೂ ಹೊತ್ತು ನನ್ನ ನೋಡ್ತಿ. ಉಸರ ಕಟ್ಟತೈತಿ." ಆಮೇಲೆ ನೆಲ ನೋಡುತ್ತ ಹೇಳಿದಳು. "ನೀ ನಾಟಕ ಮಾಡಸು. ಆದ್ರ ನಾ ಕಿಡಕ್ಯಾಗಿಂದ ಕರದ್ರ ನಿಲ್ಲಸಬೇಕು."

"ಬೆಂಕಿ ಹತ್ತದಿದ್ರೂ?"

"ಬೆಂಕಿ ಹತ್ತದಿದ್ರೂ."

ಅತ್ತೆ ಮೆಲ್ಲಗೆ ಒಳಗೆ ಹೋದರು. ನಾವಿಬ್ಬರೂ ನೆಲಕ್ಕೆ ಕುಳಿತು ಟೇಪು ಅಂಟಿಸತೊಡಗಿದೆವು. ಅವಳು ಅಡುಗೆಮನೆಯ ಕಡೆ, ನಾನು ಈ ಕಡೆ. ಬಿಳಿ ಪಟ್ಟಿ ಎಳೆಯುವಾಗ ಕೇಳಿದೆ, "ಅವತ್ತ ಏನು ಹೇಳಬೇಕಂತ ಬಂದಿದ್ದಿ?"

ಅವಳು ಟೇಪಿನ ತುದಿಯನ್ನು ಉಗುರಿನಿಂದ ಒತ್ತಿದಳು. "ಹೊಟ್ಟಿ ನೋಯಾಕತ್ತಿತ್ತು. ಸಾಲ್ಯಾಗ ಪಾಠ ಮಾಡಿದ್ರು, ಎಲ್ಲಾ ಗೊತ್ತಿತ್ತು. ಆದ್ರೂ ಅಂಜಕಿ ಬಂದಿತ್ತು ಮಮ್ಮಿ. ನೀ 'ಏನಾಗಂಗಿಲ್ಲ' ಅಂದ್ರ ಸಾಕಿತ್ತು."

"ಏನಾಗಂಗಿಲ್ಲವಾ" ಎಂದೆ. ತಡವಾಗಿತ್ತು, ಆದರೂ ಎಂದೆ. ಅತ್ತುಬಿಟ್ಟೆ. ಅವಳು ಬಿಳಿ ಪಟ್ಟಿಯ ಮೇಲಿಂದ ಕೈ ಚಾಚಿ ನನ್ನ ಕಣ್ಣೊರೆಸಿದಳು. ಈ ಸಲ ನನಗೆ ನಾಟಕ ನೆನಪಾಗಲಿಲ್ಲ.

ಮರುದಿನ ಸೌರಭನಿಗೆ ಫೋನು ಮಾಡಿದೆ. ಅವನು ತಾಲೀಮಿಗೆ ರಜೆ ಎಂದಷ್ಟೇ ಹೇಳಿದ್ದ, ನಾಟಕ ಬಿಟ್ಟ ಮಾತನ್ನು ಯಾರಿಗೂ ಹೇಳಿಯೇ ಇರಲಿಲ್ಲ. "ಇಂಥಾವು ನಾಕು ಸಲ ಕೇಳೇನ್ರಿ ಮೇಡಂ. ಸಿಟ್ಟು ಇಳೀಲಿ ಅಂತ ಕಾದಿದ್ದೆ" ಎಂದ. ಬೈಯಬೇಕೆನ್ನಿಸಿತು, ಬೈದೆ ಕೂಡ.

ಸಂಜೆ ತಾಲೀಮು ಶುರುವಾಯಿತು. ಶಾಜಿಯಾ ಕಿಟಕಿಯ ಹತ್ತಿರ ನಿಂತಳು. ಈ ಬಾರಿ ಅವಳು ಪ್ರಶ್ನೆ ಕೇಳಲಿಲ್ಲ. ಆ ಕಡೆ ಮೊಮ್ಮಗಳು ಬಿಕ್ಕಿದಳು. ಶಾಜಿಯಾಳ ಕೈ ಮೆಲ್ಲಗೆ ಮೇಲೆದ್ದು, ಗೆರೆಯ ಆಚೆಗೆ ಹೋಗಿ, ಗಾಳಿಯಲ್ಲಿ ಆ ಹುಡುಗಿಯ ತಲೆಯನ್ನು ಹುಡುಕಿತು. ಇಷ್ಟು ವರ್ಷದಲ್ಲಿ ನಾನು ಮಾಡಿಸಿದ ಯಾವ ದೃಶ್ಯದಲ್ಲೂ ನನ್ನ ಮೈಮೇಲೆ ಹೀಗೆ ಮುಳ್ಳೆದ್ದಿರಲಿಲ್ಲ.

"ಮಮ್ಮೀ."

ಶಾಜಿಯಾಳ ಕೈ ನಿಂತಿತು. ಸೌರಭ ಇನ್ನೇನು ಸಿಡಿಲು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡ. ನನಗೆ ಸಿಟ್ಟು ಬರಲಿಲ್ಲವೆಂದರೆ ಸುಳ್ಳಾದೀತು. ಮೂಗಿನ ತುದಿಯವರೆಗೆ ಬಂದಿತ್ತು. ಹಲ್ಲು ಕಚ್ಚಿ, "ನಿಲ್ಲಸ್ರಿ" ಎಂದೆ. ಕಿಟಕಿಯ ಹತ್ತಿರ ಹೋದೆ. ಶಾಜಿಯಾ ಪಕ್ಕಕ್ಕೆ ಸರಿದಳು. ಆ ಕಡೆ ಸ್ನೇಹಲ್ ನಿಂತಿದ್ದಳು, ಒಂದು ಕೈ ಬೆನ್ನ ಹಿಂದೆ.

"ಏನವಾ? ಏನಾತು?"

"ಏನಿಲ್ಲ."

"ಏನಿಲ್ಲ ಅಂದ್ರ?"

"ಸುಮ್ನ ಕರದೆ. ನಿಲ್ಲಸ್ತೀಯೋ ಇಲ್ಲೋ ನೋಡಬೇಕಿತ್ತು." ಬೆನ್ನ ಹಿಂದಿನ ಕೈ ಮುಂದೆ ಬಂತು. ಅದರಲ್ಲಿ ಒಂದು ಅಂಟಿನ ಉಂಡೆ ಇತ್ತು. "ನೀ ಇನ್ನೂ ತಿಂದಿಲ್ಲ. ಎಲ್ಲಾರೂ ತಿಂದಾರ."

ಕಿಟಕಿಯಿಂದ ಚಾಚಿ ನನ್ನ ಬಾಯಿಗೇ ಇಟ್ಟಳು. ಗಟ್ಟಿ ಉಂಡೆ, ಇಡಿಯಾಗಿ ತುರುಕಿದ್ದಳು. ತಂಡದವರೆಲ್ಲ ಕಾಯುತ್ತಿದ್ದರು. ನಾನು ತಿರುಗಿ ನಿಂತು ಶಾಜಿಯಾಳಿಗೆ ಕೈಸನ್ನೆ ಮಾಡಿದೆ. ಬಾಯಿ ತುಂಬಿದ್ದರಿಂದ "ತಾಲೀಮು ಚಾಲೂ" ಎನ್ನಲು ನನ್ನಿಂದಾಗಲಿಲ್ಲ. ಕಿಟಕಿಯಿಂದ ಸ್ನೇಹಲ್‌ಳೇ ಅಂದಳು.